ಸ್ಪಾಟಿಂಗ್ ಸ್ಕೋಪ್‌ನಲ್ಲಿ ಗುಂಡಿನ ತೂತು ಕಾಣುತ್ತಿಲ್ಲವೇ? ಕರಾವಳಿಗೂ ಘಟ್ಟದ ಮೇಲಿನವರಿಗೂ ದೋಷ ನಿವಾರಣೆ ಕೈಪಿಡಿ

ದೂರದ ಟಾರ್ಗೆಟ್ಟಿನಲ್ಲಿ ತೂತು ಕಾಣುವುದಿಲ್ಲ, ಝೂಮ್ ಏರಿಸಿದರೆ ಚಿತ್ರ ಇನ್ನಷ್ಟು ಕದಡುತ್ತದೆ. ಗುಂಡು ಎಲ್ಲಿ ಬಿತ್ತೆಂದು ನೋಡಲು ಟ್ರೈಪಾಡಿನ ಮೇಲಿಡುವ ದುರ್ಬೀನು, ಅಂದರೆ ಸ್ಪಾಟಿಂಗ್ ಸ್ಕೋಪ್ ಇಟ್ಟುಕೊಂಡವರ ದೂರು ಹೆಚ್ಚಾಗಿ ಇದೇ. ದೂರು ಒಂದಾದರೂ ಅದರ ಬೇರು ಐದು ಕಡೆ ಇರಬಹುದು: ನಡುವಿನ ಗಾಳಿ, ಸ್ಕೋಪನ್ನು ಹೊತ್ತ ಟ್ರೈಪಾಡ್, ಗಾಜಿನ ಹೊರಮೈ, ಗಾಜಿನ ಒಳಗು, ನೋಡುವವರ ಕಣ್ಣು. ಇವುಗಳಲ್ಲಿ ರಿಪೇರಿಗೆ ಕಳಿಸಬೇಕಾದದ್ದು ಗಾಜಿನ ಒಳಗಿನ ದೋಷ ಮಾತ್ರ. ಉಳಿದ ನಾಲ್ಕನ್ನು ಮನೆಯಲ್ಲೇ ಪತ್ತೆ ಮಾಡಿ ಮನೆಯಲ್ಲೇ ಸರಿಮಾಡಬಹುದು. ಆದ್ದರಿಂದ ಹೊರಗಿನಿಂದ ಒಳಕ್ಕೆ ಹೋಗಿ. ಸ್ಕ್ರೂಡ್ರೈವರ್ ಮಾತ್ರ ಕೈಗೆತ್ತಿಕೊಳ್ಳಬೇಡಿ. ಸಾರಜನಕ ತುಂಬಿ ಸೀಲ್ ಮಾಡಿದ ಸ್ಕೋಪನ್ನು ಒಮ್ಮೆ ಬಿಚ್ಚಿದರೆ ಕಾರವಾರದ ಗಾಳಿ ಒಳಗೆ ಸೇರಿಕೊಳ್ಳುತ್ತದೆ, ಮನೆಯಲ್ಲಿ ಅದನ್ನು ಹೊರಹಾಕುವ ದಾರಿ ಇಲ್ಲ.

ಮೊದಲು ಅಂಗಳದಲ್ಲಿ ಒಂದು ಪರೀಕ್ಷೆ

ಸ್ಕೋಪ್ ಚೆನ್ನಾಗಿದೆಯೇ ಎಂದು ತಿಳಿಯಲು ರೇಂಜಿಗೆ ಹೋಗಬೇಕಿಲ್ಲ, ಬಂದೂಕೂ ಬೇಡ. ಸ್ವಲ್ಪ ಲೆಕ್ಕ ಸಾಕು. .22 ಗುಂಡಿನ ವ್ಯಾಸ 5.6 ಮಿ.ಮೀ. 100 ಮೀಟರಿನಿಂದ ನೋಡಿದರೆ ಆ ತೂತು ಸುಮಾರು 11.5 ಆರ್ಕ್ ಸೆಕೆಂಡಿನಷ್ಟು ಕಾಣುತ್ತದೆ. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲೇ ಒಂದು ಆರ್ಕ್ ಸೆಕೆಂಡ್. 7.62 ಮಿ.ಮೀ. ಗುಂಡಿನ ತೂತು 300 ಮೀಟರಿನಲ್ಲಿ ಸುಮಾರು 5 ಆರ್ಕ್ ಸೆಕೆಂಡ್. ಒಳ್ಳೆಯ ಬರಿಗಣ್ಣು ಬೇರ್ಪಡಿಸಿ ನೋಡಬಲ್ಲದ್ದು ಸುಮಾರು 60. ಅಂದರೆ 300 ಮೀಟರಿನ ಆ ತೂತನ್ನು ಆರಾಮಾಗಿ ನೋಡಲು 30ರಿಂದ 40 ಪಟ್ಟು ವರ್ಧನೆ ಬೇಕು. 80 ಮಿ.ಮೀ. ಮುಂಗಾಜು ತಾತ್ವಿಕವಾಗಿ ಒಂದೂವರೆ ಆರ್ಕ್ ಸೆಕೆಂಡಿನ ವಿವರವನ್ನೂ, 60 ಮಿ.ಮೀ.ನದು ಎರಡರಷ್ಟನ್ನೂ ಬಿಡಿಸಬಲ್ಲದು. ಗಾಜಿನ ಶಕ್ತಿಗೆ ಇಲ್ಲಿ ಕೊರತೆಯಿಲ್ಲ.

300 ಮೀಟರಿನ 7.62 ತೂತು ಎಷ್ಟು ಚಿಕ್ಕದಾಗಿ ಕಾಣುತ್ತದೋ, 15 ಮೀಟರಿನಲ್ಲಿ 0.38 ಮಿ.ಮೀ. ಗೀಟೂ ಅಷ್ಟೇ ಚಿಕ್ಕದಾಗಿ ಕಾಣುತ್ತದೆ. ದಿನಪತ್ರಿಕೆಯ ಸಣ್ಣಕ್ಷರದ ಗೀಟು ಹೆಚ್ಚುಕಮ್ಮಿ ಅಷ್ಟೇ ದಪ್ಪ. ಹಾಗಾಗಿ ಪತ್ರಿಕೆಯ ಒಂದು ಹಾಳೆಯನ್ನು ರಟ್ಟಿಗೆ ಅಂಟಿಸಿ ನೆರಳಿನಲ್ಲಿ ನಿಲ್ಲಿಸಿ. ಅಡಿಕೆ ಒಣಗಿಸುವ ಅಂಗಳದ ಚಪ್ಪರದ ಕೆಳಗಾದರೆ ಇನ್ನೂ ಒಳ್ಳೆಯದು. ಹಗ್ಗ ಹಿಡಿದು ಸರಿಯಾಗಿ 15 ಮೀಟರ್ ಅಳೆದು ಸ್ಕೋಪ್ ಇಡಿ. ಬೆಳಗ್ಗೆ ಬಿಸಿಲೇರುವ ಮುನ್ನ, 30 ಪಟ್ಟಿನಲ್ಲಿ ನೋಡಿ. ‘ಷ’ದ ಹೊಟ್ಟೆಯಲ್ಲಿನ ಗೀಟು ಬಿಡಿಸಿ ಕಂಡು ಅದು ‘ಪ’ ಅಲ್ಲ ಎಂದು ಖಚಿತವಾಗಿ ಹೇಳುವಂತಿದ್ದರೆ, ಒತ್ತಕ್ಷರಗಳು ಒಂದರೊಳಗೊಂದು ಸೇರಿಕೊಳ್ಳದೆ ಓದಲು ಬಂದರೆ, ನಿಮ್ಮ ಗಾಜು ಗಟ್ಟಿಯಾಗಿದೆ. ರೇಂಜಿನಲ್ಲಿ ತೂತು ಕಾಣದಿದ್ದರೆ ಕಾರಣ ಗಾಳಿ, ಟ್ರೈಪಾಡ್ ಅಥವಾ ಟಾರ್ಗೆಟ್. ಇಲ್ಲೂ ಮಸುಕಾಗಿದ್ದರೆ ‘ಗಾಜಿನ ಹೊರಮೈ’ ಭಾಗದಿಂದ ಮುಂದೆ ಓದಿ.

ಕೆಲವು ಸ್ಕೋಪ್‌ಗಳು 15 ಮೀಟರಿನಷ್ಟು ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ. ನಿಮ್ಮದು ಅಂಥದ್ದಾದರೆ 20 ಮೀಟರಿಗೆ ಸರಿದು ಸ್ವಲ್ಪ ದೊಡ್ಡಕ್ಷರದ ಸುದ್ದಿ ಆರಿಸಿಕೊಳ್ಳಿ.

ಗಾಳಿ: ನಮ್ಮ ಕಡೆಯ ಮೊದಲ ಅಪರಾಧಿ

ಚಿತ್ರ ಕುದಿಯುವ ನೀರಿನ ಹಾಗೆ ಅಲುಗುತ್ತಿದೆ, ಕ್ಷಣಕ್ಕೊಮ್ಮೆ ಸ್ಪಷ್ಟವಾಗಿ ಮತ್ತೆ ಕರಗುತ್ತದೆ ಎಂದಾದರೆ ಅದು ಬಿಸಿಲ್ಗುದುರೆ. ಶೂಟರ್‌ಗಳ ಬಾಯಲ್ಲಿ ಮಿರಾಜ್. ಗಾಜಿನ ದೋಷ ಕ್ಷಣಕ್ಷಣಕ್ಕೆ ಬದಲಾಗುವುದಿಲ್ಲ, ಗಾಳಿಯದು ಬದಲಾಗುತ್ತದೆ. ಗುರುತು ಹಿಡಿಯಲು ಇಷ್ಟೇ ಸಾಕು.

ಚಿರೆಕಲ್ಲಿನ ಬೋಳು ನೆಲ, ಸುಗ್ಗಿ ಮುಗಿದ ಗದ್ದೆ, ಮರಳು, ಇವೆಲ್ಲ ಒಂಬತ್ತು ಗಂಟೆಯ ಬಿಸಿಲಿಗೇ ಕಾಯಲು ಶುರುಮಾಡುತ್ತವೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ಹಗುರಾಗಿ ಮೇಲೇಳುತ್ತದೆ. ಬಿಸಿ ಗಾಳಿ, ತಣ್ಣನೆ ಗಾಳಿ ಬೆಳಕನ್ನು ಬೇರೆಬೇರೆಯಾಗಿ ಬಾಗಿಸುವುದರಿಂದ ತೂತಿನ ಅಂಚು ಓಡಾಡುತ್ತದೆ. ಮಲಗಿ ಹೊಡೆಯುವವರು ಸ್ಕೋಪನ್ನೂ ನೆಲದಿಂದ ಒಂದಡಿ ಮೇಲಷ್ಟೇ ಇಟ್ಟುಕೊಳ್ಳುವುದರಿಂದ ಅವರ ನೋಟ ಈ ಕುದಿಯುವ ಪದರದೊಳಗೇ ಹಾದುಹೋಗುತ್ತದೆ. ಹೊಡೆಯುವವರ ಪರವಾಗಿ ಸ್ಕೋಪ್ ನೋಡುವ ಸ್ಪಾಟರ್ ಬೇರೆ ಇದ್ದರೆ ಸ್ಕೋಪನ್ನು ನಿಂತ ಎತ್ತರಕ್ಕೆ, ನಾಲ್ಕೂವರೆ–ಐದು ಅಡಿಗೆ ಏರಿಸಿ. ಅದೇ ಹೊತ್ತಿನಲ್ಲಿ, ಅದೇ ಟಾರ್ಗೆಟ್ ಎದ್ದು ಕಾಣುವಷ್ಟು ಸುಧಾರಿಸುತ್ತದೆ.

ಎರಡನೆಯ ಮದ್ದು ವರ್ಧನೆ ಇಳಿಸುವುದು. 60 ಪಟ್ಟಿನಲ್ಲಿ ತೂತಿನ ಜೊತೆಗೆ ಕದಡೂ 60 ಪಟ್ಟು ಹಿಗ್ಗುತ್ತದೆ. 25–30ಕ್ಕೆ ಇಳಿಸಿ ಕಾಯಿರಿ. ಗಾಳಿ ಒಂದು ಗಳಿಗೆ ತಣಿದಾಗ ತೂತು ಫಕ್ಕನೆ ಕಾಣುತ್ತದೆ, ಆಗ ಗುರುತು ಹಾಕಿಕೊಳ್ಳಿ. ಝೂಮ್ ಐಪೀಸ್ (ಕಣ್ಣಿಟ್ಟು ನೋಡುವ ಕಡೆಯ ಗಾಜು) ಖರೀದಿಸುವಾಗ ಮೇಲಿನ ಅಂಕಿಗೆ ಮರುಳಾಗುವವರು ಬಹಳ. ಕರಾವಳಿಯ ಮಧ್ಯಾಹ್ನದಲ್ಲಿ 40ರ ಮೇಲಿನ ವರ್ಧನೆ ಉಪಯೋಗಕ್ಕೆ ಬರುವ ದಿನಗಳು ಕಡಿಮೆಯೇ. ಮೋಡ ಮುಸುಕಿದ ಹಗಲು ಮತ್ತು ಮುಂಜಾವು ಅದಕ್ಕೆ ತಕ್ಕ ಹೊತ್ತು.

ಗಾಳಿ ಓದಲು ಕಲಿತವರು ಬೇಕೆಂದೇ ಫೋಕಸನ್ನು ಟಾರ್ಗೆಟ್ಟಿಗಿಂತ ತುಸು ಈಚೆಗೆ ತರುತ್ತಾರೆ, ಆಗ ನಡುದಾರಿಯ ಮಿರಾಜ್ ಸ್ಪಷ್ಟವಾಗಿ ಹರಿಯುವುದು ಕಾಣುತ್ತದೆ. ಅಡ್ಡಕ್ಕೆ ಹರಿದರೆ ಅಡ್ಡಗಾಳಿ. ನೇರ ಮೇಲಕ್ಕೆ ಕುದಿದರೆ ಗಾಳಿ ಇಲ್ಲ, ಇಲ್ಲವೇ ಗುಂಡಿನ ಹಾದಿಯ ಉದ್ದಕ್ಕೇ ಬೀಸುತ್ತಿದೆ. ಬೆಳಗ್ಗೆ ಘಟ್ಟದ ಕಡೆಯಿಂದ ಬರುವ ಗಾಳಿ ನಿಂತು ಕಡಲಗಾಳಿ ಏಳುವ ಮುನ್ನ ಈ ಕುದಿತ ಕಾಣುತ್ತದೆ. ಆದರೆ ಹಾಗೆ ಈಚೆಗೆ ತಂದ ಫೋಕಸನ್ನು ಮರಳಿ ಸರಿಮಾಡದೆ ಮುಂದಿನವರಿಗೆ ಸ್ಕೋಪ್ ಬಿಟ್ಟುಕೊಟ್ಟರೆ ‘ಟಾರ್ಗೆಟ್ ಮಸುಕು’ ಎಂಬ ದೂರು ಹುಟ್ಟುತ್ತದೆ. ಇದನ್ನು ಮೊದಲು ಪರೀಕ್ಷಿಸಿ.

ಕುದಿತವಿಲ್ಲದೆ ಎಲ್ಲವೂ ಹಾಲು ಚೆಲ್ಲಿದಂತೆ ಬೆಳ್ಳಗಿದ್ದರೆ ಅದು ಬೇರೆ ವಿಷಯ. ಕರಾವಳಿಯಲ್ಲಿ ತೇವದ ಮಬ್ಬು, ಶಿರಸಿ ಕಡೆ ಚಳಿಗಾಲದ ಬೆಳಗಿನ ಇಬ್ಬನಿ, ಬೇಸಿಗೆಯಲ್ಲಿ ಒಣಸೊಪ್ಪು ಸುಡುವ ಹೊಗೆ. ಇದಕ್ಕೆ ಕಾಯುವುದೊಂದೇ ದಾರಿ. ಆದರೆ ಮಬ್ಬು ಎಂದು ತೀರ್ಮಾನಿಸುವ ಮೊದಲು ಮುಂಗಾಜಿನ ಮೇಲ್ಗಡೆ ಅಂಗೈ ಅಡ್ಡ ಹಿಡಿದು ನೋಡಿ. ಕೂಡಲೇ ಕಪ್ಪು ಕಪ್ಪಾಗಿ ಕಂಡರೆ ಅದು ಎದುರು ಬಿಸಿಲಿನ ಪ್ರತಿಫಲನ. ಸ್ಕೋಪ್‌ನ ಸನ್‌ಶೇಡ್ ಪೂರ್ತಿ ಹೊರಗೆಳೆಯಿರಿ. ಸಾಲದಿದ್ದರೆ ಕಪ್ಪು ಡ್ರಾಯಿಂಗ್ ಶೀಟನ್ನು ಸುತ್ತಿ ಇನ್ನೊಂದು ಗೇಣು ಮುಂದಕ್ಕೆ ಕೊಳವೆ ಮಾಡಿ. ಪಡುವಣಕ್ಕೆ ಮುಖ ಮಾಡಿ ನೋಡುವಲ್ಲಿ ಸಂಜೆ ಇದು ಬೇಕೇ ಬೇಕು.

ಕಪ್ಪಿನೊಳಗಿನ ತೂತು

ಬಿಳಿಯಲ್ಲಿ ಬಿದ್ದ ಗುಂಡು ಕಾಣುತ್ತದೆ, ಕಪ್ಪು ವೃತ್ತದೊಳಗೆ ಬಿದ್ದದ್ದು ಕಾಣುವುದಿಲ್ಲ. ಈ ದೂರಿಗೆ ಸ್ಕೋಪ್ ಹೊಣೆಯಲ್ಲ. 50 ಮೀಟರ್ ರೈಫಲ್ ಟಾರ್ಗೆಟ್ಟಿನ ಕಪ್ಪು 112.4 ಮಿ.ಮೀ., 300 ಮೀಟರಿನದು 600 ಮಿ.ಮೀ. ಗುರಿ ಚೆನ್ನಾಗಿದ್ದಷ್ಟೂ ಗುಂಡುಗಳು ಅಲ್ಲೇ ಬೀಳುತ್ತವೆ. ಹಿಂದಿರುವುದು ನೆರಳಿನ ಕೆಮ್ಮಣ್ಣಿನ ದಿಬ್ಬವಾದರೆ ಕಪ್ಪಿನ ಮೇಲೆ ಕಪ್ಪು ತೂತು, ಯಾವ ಗಾಜಿಗೂ ಅದು ಸಿಗದು. ರೇಂಜ್ ಅಧಿಕಾರಿಯ ಒಪ್ಪಿಗೆ ಪಡೆದು, ಟಾರ್ಗೆಟ್ಟಿನ ಹಿಂದೆ ಒಂದಡಿ ಅಂತರ ಬಿಟ್ಟು ಬಿಳಿ ಗೊಬ್ಬರ ಚೀಲವನ್ನೋ ಬಿಳಿ ಬಟ್ಟೆಯನ್ನೋ ಇಳಿಬಿಡಿ. ಅಂತರ ಮುಖ್ಯ. ತಾಗಿಸಿ ಕಟ್ಟಿದರೆ ಅದರಲ್ಲೂ ಅದೇ ಜಾಗದಲ್ಲಿ ತೂತು ಬಿದ್ದು ಮತ್ತೆ ಕಪ್ಪೇ ಕಾಣುತ್ತದೆ. ಅಂತರವಿದ್ದರೆ ಚೀಲದ ಮೇಲೆ ಬೆಳಕು ಬಿದ್ದು ತೂತು ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ.

ಮಳೆಗಾಲದಲ್ಲಿ ಕಾಗದ ತೇವ ಹೀರಿ ಮೆತ್ತಗಾಗಿರುತ್ತದೆ. ದುಂಡುಮೂತಿಯ .22 ಗುಂಡು ತೂರಿದ ಮೇಲೆ ಎಳೆಗಳು ಮರಳಿ ಮುಚ್ಚಿಕೊಂಡು ತೂತು ಗುಂಡಿಗಿಂತ ಚಿಕ್ಕದಾಗುತ್ತದೆ. ಟಾರ್ಗೆಟ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಹೊಡೆಯುವ ಹೊತ್ತಿಗಷ್ಟೇ ಹೊರತೆಗೆಯಿರಿ.

ಟ್ರೈಪಾಡ್

ಸ್ಕೋಪನ್ನು ಟಾರ್ಗೆಟ್ಟಿಗೆ ಹಿಡಿದು ಟ್ರೈಪಾಡಿನ ಕಾಲಿಗೆ ಬೆರಳಿನಿಂದ ಟಕ್ಕೆಂದು ಬಡಿಯಿರಿ. ಚಿತ್ರ ಒಂದೆರಡು ಸೆಕೆಂಡಿನಲ್ಲಿ ನಿಂತರೆ ಸರಿ. ಮೂರು ನಾಲ್ಕು ಸೆಕೆಂಡಾದರೂ ನಡುಗುತ್ತಿದ್ದರೆ ಸಡಿಲ ಎಲ್ಲಿದೆ ಹುಡುಕಿ. ಮೊದಲು ಸ್ಕೋಪ್‌ನ ಅಡಿಗೆ ಕೂತ ಕಾಲಿಂಚಿನ ಸ್ಕ್ರೂ, ಅದನ್ನು ನಾಣ್ಯ ಹಾಕಿ ಬಿಗಿಯಿರಿ. ಆಮೇಲೆ ಸ್ಕೋಪನ್ನು ತಿರುಗಿಸುವ ಕಾಲರ್ ಉಂಗುರದ ತಿರುಪು, ಕೊನೆಗೆ ಕಾಲುಗಳ ಕೀಲು. ನಡುಗಂಬ ಎತ್ತಿದ್ದರೆ ಇಳಿಸಿ, ಎತ್ತರ ಬೇಕಾದರೆ ಕಾಲುಗಳನ್ನು ಚಾಚಿ, ಅದರಲ್ಲೂ ದಪ್ಪ ಭಾಗಗಳನ್ನು ಮೊದಲು. ಕೊಕ್ಕೆಗೆ ಭಾರ ತೂಗಿಸುವುದಾದರೆ ಚೀಲ ನೆಲಕ್ಕೆ ತುಸು ತಾಗಿರಲಿ, ಇಲ್ಲದಿದ್ದರೆ ಗಾಳಿಗೆ ಅದೇ ತೂಗಾಡಿ ಚಿತ್ರವನ್ನೂ ತೂಗಿಸುತ್ತದೆ.

ಮರಳಿನಲ್ಲಿ ಕಾಲುಗಳು ನಿಧಾನವಾಗಿ ಇಳಿಯುತ್ತವೆ. ಟಾರ್ಗೆಟ್ ಒಂದೇ ದಿಕ್ಕಿಗೆ ಜಾರುತ್ತ ಹೋಗುವುದು ಇದರ ಗುರುತು. ಪ್ರತಿ ಕಾಲಿನಡಿ ಒಂದೊಂದು ಹಲಗೆ ತುಂಡು ಇಡಿ. ಹಲಗೆ ಹಾಸಿದ ಫೈರಿಂಗ್ ಪಾಯಿಂಟಿನಲ್ಲಿ ಪಕ್ಕದವರ ಗುಂಡು ಹಾರಿದಾಗಲೆಲ್ಲ ಚಿತ್ರ ಜಿಗಿದರೆ ಟ್ರೈಪಾಡನ್ನು ಹಲಗೆಯಿಂದ ಕೆಳಗೆ, ನೆಲದ ಮೇಲೆ ಇಡಿ.

ಗಾಜಿನ ಹೊರಮೈ: ಉಪ್ಪು, ಧೂಳು, ಬೆವರು

ಕಡಲತೀರದ ಗಾಳಿಯಲ್ಲಿ ಹಾರಿಬರುವ ಉಪ್ಪುನೀರಿನ ಹನಿ ಗಾಜಿನ ಮೇಲೆ ಕೂತು ಪದರವಾಗುತ್ತದೆ. ಅಡುಗೆ ಉಪ್ಪು ಸುಮಾರು 75 ಶೇಕಡಾ ಆರ್ದ್ರತೆ ದಾಟಿದರೆ ಗಾಳಿಯ ನೀರನ್ನು ಹೀರಿ ತಾನೇ ಕರಗುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ವರ್ಷದ ಬಹುಭಾಗ ಈ ಪದರ ಒಣಗುವುದೇ ಇಲ್ಲ. ಅದು ಬೆಳಕನ್ನು ಚದುರಿಸಿ ಚಿತ್ರವನ್ನು ಬಿಳಿಚಿಸುತ್ತದೆ. ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದರೆ ಎಣ್ಣೆ ಸವರಿದಂತೆ ಮಿರುಗುವುದು ಕಾಣುತ್ತದೆ.

ಇಲ್ಲಿ ಎಲ್ಲರೂ ಲೆನ್ಸ್ ಕ್ಲೀನರ್ ಹಾಕಿ ಒರೆಸುತ್ತಾರೆ, ಪದರ ಹೋಗುವುದಿಲ್ಲ, ಗಾಜೇ ಹಾಳಾಯಿತು ಎಂದುಕೊಳ್ಳುತ್ತಾರೆ. ಆಲ್ಕೊಹಾಲ್‌ನಲ್ಲಿ ಉಪ್ಪು ಕರಗುವುದು ಬಲು ಕಡಿಮೆ. ಉಪ್ಪಿಗೆ ನೀರೇ ಬೇಕು, ಜಿಡ್ಡಿಗೆ ಆಲ್ಕೊಹಾಲ್. ಕ್ರಮ ಹೀಗೆ: ಸ್ಕೋಪ್‌ನ ಮುಂಗಾಜು ಕೆಳಮುಖವಾಗಿರಲಿ, ರಬ್ಬರ್ ಬ್ಲೋವರಿನಿಂದ ಹತ್ತು ಸಲ ಊದಿ. ಕೆಮ್ಮಣ್ಣಿನ ಧೂಳಿನಲ್ಲಿ ಗಾಜನ್ನು ಗೀರುವ ಗಟ್ಟಿ ಕಣಗಳಿರುವುದರಿಂದ ಈ ಹೆಜ್ಜೆ ಬಿಟ್ಟು ಒರೆಸಿದರೆ ಸಣ್ಣ ಗೀರುಗಳು ಖಾಯಂ ಉಳಿಯುತ್ತವೆ. ನಂತರ ಮೃದು ಬ್ರಷ್. ಬಳಿಕ ಮೆಡಿಕಲ್ ಶಾಪಿನಲ್ಲಿ ಸಿಗುವ ಇಂಜೆಕ್ಷನ್ ನೀರಿನ ಆಂಪೂಲ್ ಒಡೆದು ಲೆನ್ಸ್ ಟಿಶ್ಯೂಗೆ ಎರಡು ಹನಿ ಹಾಕಿ, ನಡುವಿನಿಂದ ಅಂಚಿಗೆ ಸುತ್ತುತ್ತ ಒತ್ತಡವಿಲ್ಲದೆ ಒರೆಸಿ. ಟಿಶ್ಯೂ ಬದಲಿಸಿ ಇನ್ನೊಮ್ಮೆ. ಕೊನೆಗೆ ಬೇರೆ ಟಿಶ್ಯೂಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್. ದ್ರವವನ್ನು ಎಂದೂ ನೇರ ಗಾಜಿನ ಮೇಲೆ ಸುರಿಯಬೇಡಿ, ಅಂಚಿನಿಂದ ಒಳಕ್ಕೆ ಇಳಿದೀತು. ಪಂಚೆಯ ಸೆರಗು, ಅಂಗಿಯ ತುದಿ ಬೇಡವೇ ಬೇಡ. ಐಪೀಸಿನ ಗಾಜನ್ನು ಮರೆಯಬೇಡಿ. ರೆಪ್ಪೆಯ ಜಿಡ್ಡು ಹತ್ತಿ ಮುಂಗಾಜಿಗಿಂತ ಬೇಗ ಕೊಳೆಯಾಗುವುದು ಅದೇ, ಮತ್ತು ಅಲ್ಲಿನ ಸಣ್ಣ ಕಲೆಯೂ ಚಿತ್ರವನ್ನು ಹೆಚ್ಚು ಕೆಡಿಸುತ್ತದೆ.

ಇನ್ನು ಬೆವರು. ಹೊರಗೆ 30 ಡಿಗ್ರಿ, 80 ಶೇಕಡಾ ಆರ್ದ್ರತೆ ಇದ್ದರೆ ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಹನಿ ಕಟ್ಟುತ್ತದೆ. ಶಿರಸಿಯ ಚಳಿ ಬೆಳಗಿನಲ್ಲಿ ಹೊರಟು, ಏಸಿ ಕಾರಿನಲ್ಲಿ ದೇವಿಮನೆ ಘಟ್ಟ ಇಳಿದು ಕುಮಟೆಯಲ್ಲಿ ಬ್ಯಾಗ್ ತೆರೆದರೆ ಗಾಜು ತಕ್ಷಣ ಬೆವರುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಝಿಪ್ ತೆಗೆಯದೆ ಬ್ಯಾಗನ್ನು ಹೊರಗಿನ ನೆರಳಿನಲ್ಲಿ ಮುಕ್ಕಾಲು ಗಂಟೆ ಬಿಡಿ, ಸ್ಕೋಪ್ ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆರೆಯಿರಿ. ಬಿಸಿಲಿಗಿಡಬೇಡಿ.

ಗಾಜಿನ ಒಳಗು

ಬೆವರು ಬೆರಳಿಗೆ ಸಿಗದೆ ಒಳಮೈಯಲ್ಲಿದ್ದರೆ ಮೊದಲು ಐಪೀಸ್ ಬಿಚ್ಚುವ ಮಾದರಿಯೇ ನೋಡಿ. ಹಾಗಿದ್ದರೆ ಒಣಗಿದ ಕೋಣೆಯಲ್ಲಿ ಅದನ್ನು ತೆಗೆದು, ಐಪೀಸ್ ಮತ್ತು ಬಾಡಿ ಸೇರುವ ಗಾಜುಗಳನ್ನು ನೋಡಿ. ಮಳೆಯಲ್ಲಿ ಐಪೀಸ್ ಬದಲಿಸಿದಾಗ ತೇವ ಸಿಕ್ಕಿಕೊಳ್ಳುವುದು ಅಲ್ಲೇ, ಒರೆಸಿದರೆ ಮುಗಿಯಿತು. ಅದಕ್ಕಿಂತ ಒಳಗಿದ್ದರೆ ಸೀಲ್ ಮಾಡುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಸೋತು ಸಾರಜನಕ ಹೊರಗೆ ಹೋಗಿದೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದರಿಂದ ಪ್ರಯೋಜನವಿಲ್ಲ. ಸರ್ವಿಸ್‌ನವರು ಸೀಲ್ ಬದಲಿಸಿ ಮತ್ತೆ ಅನಿಲ ತುಂಬಬೇಕು. ತಡ ಮಾಡಿದರೆ ಬೂಷ್ಟು ಹಿಡಿಯುತ್ತದೆ.

ಬೂಷ್ಟು ಗುರುತಿಸಲು ಕತ್ತಲೆ ಕೋಣೆಯಲ್ಲಿ ಐಪೀಸಿನ ಕಡೆಯಿಂದ ಟಾರ್ಚ್ ಓರೆಯಾಗಿ ಬಿಟ್ಟು ಮುಂಗಾಜಿನಿಂದ ಇಣುಕಿ. ಬಿಡಿ ಚುಕ್ಕೆಗಳಾದರೆ ಧೂಳು, ನಾಲ್ಕಾರು ಇದ್ದರೆ ಚಿಂತೆ ಬೇಡ. ಇಡೀ ಗಾಜಿಗೆ ಸಮನಾದ ಮಸುಕಾದರೆ ಗ್ರೀಸಿನ ಆವಿ. ಒಂದು ಬಿಂದುವಿನಿಂದ ಕವಲೊಡೆದ ಎಳೆಗಳಾದರೆ ಬೂಷ್ಟೇ. ಅದು ಬಿಡುವ ಆಮ್ಲ ಗಾಜಿನ ಕೋಟಿಂಗನ್ನು ತಿನ್ನುತ್ತದೆ, ಆ ಗಾಯ ಒರೆಸಿದರೆ ಹೋಗದು. ಎಳೆ ಕಂಡ ವಾರದಲ್ಲೇ ಸರ್ವಿಸ್‌ಗೆ ಕಳಿಸಿ, ಬೇರೆ ಬೈನಾಕ್ಯುಲರ್, ಕ್ಯಾಮೆರಾಗಳಿಂದ ದೂರವಿಡಿ.

ತಡೆಯುವುದು ಸುಲಭ. ಚರ್ಮದ ಅಥವಾ ಬಟ್ಟೆಯ ಕೇಸ್ ತೇವ ಹಿಡಿದಿಡುತ್ತದೆ, ಮಳೆಗಾಲದಲ್ಲಿ ಸ್ಕೋಪ್ ಅದರೊಳಗೆ ಇರಬಾರದು. ರಬ್ಬರ್ ಅಂಚಿನ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ 200 ಗ್ರಾಂ ಸಿಲಿಕಾ ಜೆಲ್ ಮತ್ತು ಒಂದು ಪುಟ್ಟ ಆರ್ದ್ರತಾಮಾಪಕ ಇಡಿ. ಮುಳ್ಳು 40ರಿಂದ 50ರ ನಡುವೆ ಇರಲಿ. ಕಿತ್ತಳೆ ಹರಳು ಹಸಿರಾದರೆ, ನೀಲಿಯದು ಗುಲಾಬಿಯಾದರೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮೊದಲ ಬಣ್ಣ ಮರಳುವವರೆಗೆ ಕಾಯಿಸಿ, ಆರಿದ ಮೇಲೆ ಡಬ್ಬಕ್ಕೆ ಹಾಕಿ. ಆ ಕಾವಲಿಯನ್ನು ಮತ್ತೆ ದೋಸೆಗೆ ಬಳಸಬೇಡಿ. ಒಲೆಯ ಮೇಲಿನ ಅಟ್ಟ ಒಣಗಿರುವುದು ನಿಜ, ಆದರೆ ಅಲ್ಲಿ ಹೊಗೆಯ ಜಿಡ್ಡು ಗಾಜಿಗೆ ಹತ್ತುತ್ತದೆ. ನುಸಿಗುಳಿಗೆಯ ಆವಿಯೂ ಗಾಜಿಗೆ ಒಳ್ಳೆಯದಲ್ಲ.

ಒಳಗು ಸ್ವಚ್ಛವಿದ್ದೂ ಮಸುಕಾಗಿದ್ದರೆ ಗಾಜು ಸಾಲುತಪ್ಪಿರಬಹುದು, ಬೈಕಿನಿಂದ ಬಿದ್ದ ಸ್ಕೋಪ್‌ಗಳಲ್ಲಿ ಇದು ಆಗುತ್ತದೆ. ಪರೀಕ್ಷೆಗೆ ಒಂದು ಹೊಳೆಯುವ ಬಿಂದು ಬೇಕು. ಬೆಳಗ್ಗೆ ಸೂರ್ಯ ನಿಮ್ಮ ಬೆನ್ನಿಗಿರುವಾಗ 50–100 ಮೀಟರ್ ದೂರದ ವಿದ್ಯುತ್ ಕಂಬದ ಪಿಂಗಾಣಿ ಇನ್ಸುಲೇಟರಿನ ಮೇಲೆ ಸೂಜಿಮೊನೆಯಂಥ ಮಿಂಚು ಕಾಣುತ್ತದೆ. ಅದಕ್ಕೆ ಅತಿ ಹೆಚ್ಚಿನ ವರ್ಧನೆಯಲ್ಲಿ ಫೋಕಸ್ ಮಾಡಿ, ನಂತರ ಚಕ್ರವನ್ನು ತುಸು ಈಚೆ, ತುಸು ಆಚೆ ತಿರುಗಿಸಿ. ಎರಡೂ ಕಡೆ ದುಂಡನೆಯ ಬಳೆಗಳಾಗಿ ಹಿಗ್ಗಿದರೆ ಗಾಜು ನೆಟ್ಟಗಿದೆ. ಒಂದು ಕಡೆಗೆ ಬಾಲ ಬಂದರೆ ಸಾಲುತಪ್ಪಿದೆ. ಮುಕ್ಕೋನವಾದರೆ ಗಾಜನ್ನು ಹಿಡಿದ ಉಂಗುರ ಅತಿಯಾಗಿ ಬಿಗಿದಿದೆ. ಈಚೆಗೆ ಅಡ್ಡ ಉದ್ದ, ಆಚೆಗೆ ನೇರ ಉದ್ದವಾದರೆ ಅಸ್ಟಿಗ್ಮ್ಯಾಟಿಸಂ, ಅಂದರೆ ಅಡ್ಡಕ್ಕೂ ನೇರಕ್ಕೂ ಫೋಕಸ್ ಬೇರೆಯಾಗುವ ದೋಷ. ಆಗ ಸ್ಕೋಪನ್ನು ಕಾಲರಿನಲ್ಲಿ ತಿರುಗಿಸಿ ನೋಡಿ. ಆಕಾರ ಸ್ಕೋಪ್ ಜೊತೆ ತಿರುಗಿದರೆ ದೋಷ ಗಾಜಿನದು. ತಿರುಗದೆ, ನೀವು ತಲೆ ವಾಲಿಸಿದಾಗ ಮಾತ್ರ ತಿರುಗಿದರೆ ನಿಮ್ಮ ಕಣ್ಣಿನದು, ಸಿಲಿಂಡರ್ ಕನ್ನಡಕ ಹಾಕಿ ನೋಡಿ. ಸ್ಕೋಪನ್ನು ಎಂದೂ ಸೂರ್ಯನತ್ತ ಹೊರಳಿಸಬೇಡಿ. ಕಾರವಾರದ ಬಳಿಯ ಅರ್ಗಾದ ನೌಕಾನೆಲೆಯ ಕಡೆಗೂ ಬೇಡ.

ಫೋಕಸ್ ಚಕ್ರ ಮತ್ತು ಕಣ್ಣು

ಚಕ್ರವನ್ನು ಎಡದಿಂದ ತಿರುಗಿಸಿದಾಗ ಸ್ಪಷ್ಟವಾಗುವ ಜಾಗವೂ ಬಲದಿಂದ ತಿರುಗಿಸಿದಾಗ ಸ್ಪಷ್ಟವಾಗುವ ಜಾಗವೂ ಬೇರೆಯಾದರೆ ಒಳಗಿನ ಹಲ್ಲಿನಲ್ಲಿ ಸಡಿಲವಿದೆ. ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲಿಸಿದರೆ ವರ್ಷಗಟ್ಟಲೆ ನಡೆಯುತ್ತದೆ. ಝೂಮ್ ಬದಲಿಸಿದಾಗ ಫೋಕಸ್ ಕಳೆಯುವುದು ಬಹುತೇಕ ಸ್ಕೋಪ್‌ಗಳ ಗುಣ, ಮತ್ತೆ ಫೋಕಸ್ ಮಾಡಿ.

ಅಂಚಿನಲ್ಲಿ ಹುರುಳಿಬೀಜದಾಕಾರದ ಕಪ್ಪು ನೆರಳು ಓಡಾಡಿದರೆ ಕಣ್ಣು ಸರಿಯಾದ ದೂರದಲ್ಲಿಲ್ಲ. ಕನ್ನಡಕದವರು ಐಪೀಸಿನ ರಬ್ಬರ್ ಬಟ್ಟಲನ್ನು ಇಳಿಸಬೇಕು, ಬರಿಗಣ್ಣಿನವರು ಏರಿಸಬೇಕು. ಸಂಜೆ ಕತ್ತಲಾಗಿ ಕಂಡರೆ ಮುಂಗಾಜಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿ. 80 ಮಿ.ಮೀ. ಸ್ಕೋಪ್ 20 ಪಟ್ಟಿನಲ್ಲಿ ಕಣ್ಣಿಗೆ ಕೊಡುವ ಬೆಳಕಿನ ಕಂಬ 4 ಮಿ.ಮೀ., 60 ಪಟ್ಟಿನಲ್ಲಿ 1.3 ಮಾತ್ರ. ಅಂಥ ಹೊತ್ತಿಗೆ ಝೂಮ್ ಇಳಿಸುವುದೇ ಪರಿಹಾರ.

ಸರ್ವಿಸ್‌ಗೆ ಕಳಿಸುವಾಗ

‘ಕ್ಲಿಯರ್ ಇಲ್ಲ’ ಎಂದಷ್ಟೇ ಬರೆದು ಕಳಿಸಿದರೆ ದೋಷವಿಲ್ಲ ಎಂಬ ಚೀಟಿಯೊಂದಿಗೆ ಮರಳಿ ಬರುವ ಸಂಭವ ಹೆಚ್ಚು. ಪತ್ರಿಕೆಯ ಪರೀಕ್ಷೆಯಲ್ಲಿ ಎಷ್ಟು ದೂರಕ್ಕೆ ಎಷ್ಟು ಪಟ್ಟಿನಲ್ಲಿ ಏನು ಓದಲಾಗಲಿಲ್ಲ, ಮಿಂಚಿನ ಬಿಂದು ಫೋಕಸ್‌ನ ಎರಡೂ ಕಡೆ ಯಾವ ಆಕಾರ ತಳೆಯಿತು, ಟಾರ್ಚಿಗೆ ಯಾವ ಗಾಜಿನಲ್ಲಿ ಏನು ಕಂಡಿತು, ಸ್ಕೋಪ್ ಬಿದ್ದಿತ್ತೇ, ನೀರಿಗೆ ತಾಗಿತ್ತೇ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಮೊಬೈಲನ್ನು ಐಪೀಸಿಗೆ ಹಿಡಿದು ಆ ಬಿಂದುವಿನ ಎರಡು ಚಿತ್ರ ತೆಗೆದು ಮುದ್ರಿಸಿ ಜೊತೆಗಿಡಿ. ಐಪೀಸನ್ನೂ ಕಳಿಸಿ, ದೋಷ ಅದರಲ್ಲೇ ಇರಬಹುದು. ಪಾರ್ಸೆಲ್ ಮಳೆಗಾಲದಲ್ಲಿ ಹೋಗುವುದಾದರೆ ಸ್ಕೋಪನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಕಟ್ಟಿ, ಸುತ್ತಲೂ ನಾಲ್ಕು ಬೆರಳು ದಪ್ಪ ಫೋಮ್ ಇರಿಸಿ ರಟ್ಟಿನ ಪೆಟ್ಟಿಗೆಗೆ ಹಾಕಿ.